ಪುಣೆಯ ಬೆಳಗಿನ ಚಳಿಗೆ ಲಾರಿ ಎಂಜಿನ್ ಎಷ್ಟು ಹೊತ್ತು ಕಾಯಿಸಬೇಕು?

ಪ್ರಶ್ನೆ: ನಮಸ್ಕಾರ ಅಣ್ಣ. ನಾನು ಸಿಂದಗಿ ಕಡೆಯವನು, ಹನ್ನೆರಡು ವರ್ಷದಿಂದ ಪುಣೆಯ ಭೋಸರಿಯಲ್ಲಿದ್ದೇನೆ. ಎರಡು ಲಾರಿ ಇವೆ. ಒಂದು 2012ರದ್ದು, ಇನ್ನೊಂದು 2022ರ ಬಿಎಸ್6, ಅಂದರೆ ಹೊಸ ಹೊಗೆ ನಿಯಮದ ಗಾಡಿ. ಡಿಸೆಂಬರ್ ಬಂತೆಂದರೆ ನಮ್ಮ ಡ್ರೈವರ್ ಬೆಳಗ್ಗೆ ಐದಕ್ಕೆ ಗಾಡಿ ಸ್ಟಾರ್ಟ್ ಮಾಡಿ, ಅರ್ಧ ಗಂಟೆ ಹಾಗೇ ಬಿಟ್ಟು ಚಹಾಕ್ಕೆ ಹೋಗುತ್ತಾರೆ. ಡೀಸೆಲ್ ಎಂಜಿನ್ ಕಾಯದೆ ಲೋಡ್ ಎಳೆಯಬಾರದು ಅನ್ನುತ್ತಾರೆ. ಇದು ಸರಿಯಾ? ಇನ್ನೊಂದು, ಜನವರಿಯಲ್ಲಿ ಬಿಎಸ್6 ಗಾಡಿಗೆ ಚಾಕಣದಿಂದ ಶ್ರೀನಗರಕ್ಕೆ ಲೋಡ್ ಸಿಕ್ಕಿದೆ. ಅಲ್ಲಿಯ ಚಳಿಗೆ ಏನು ತಯಾರಿ ಮಾಡಿಕೊಳ್ಳಬೇಕು?

ಉತ್ತರ: ನಮಸ್ಕಾರ. ನೇರ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಪುಣೆಯ ಚಳಿಗೆ ಅರ್ಧ ಗಂಟೆ ಬೇಕಿಲ್ಲ. ಮೂರರಿಂದ ಐದು ನಿಮಿಷ ಸಾಕು. ಆ ಐದು ನಿಮಿಷ ಬೇಕಾಗುವುದು ಆಯಿಲ್ ಎಲ್ಲ ಕಡೆ ಮುಟ್ಟಲು, ಬ್ರೇಕಿಗೆ ಗಾಳಿ ತುಂಬಲು. ಎಂಜಿನ್ ನಿಜವಾಗಿ ಕಾಯುವುದು ಗಾಡಿ ರಸ್ತೆಗೆ ಇಳಿದು ಮೆಲ್ಲಗೆ ಓಡುವಾಗ. ಶ್ರೀನಗರದ ಲೆಕ್ಕ ಬೇರೆ, ಅದನ್ನು ಆಮೇಲೆ ಹೇಳುತ್ತೇನೆ.

ಹಾಗಂತ ನಿಮ್ಮ ಡ್ರೈವರ್ ಹೇಳುವುದು ಬುಡವಿಲ್ಲದ ಮಾತಲ್ಲ. ನಾನು 1996ರಲ್ಲಿ ನಿಗಡಿಯ ಒಂದು ಗ್ಯಾರೇಜಿಗೆ ಹೆಲ್ಪರ್ ಆಗಿ ಸೇರಿದಾಗ ಉಸ್ತಾದರು ನನಗೂ ಇದನ್ನೇ ಕಲಿಸಿದ್ದರು. ಆಗ ತುಂಬ ಗಾಡಿಗಳಿಗೆ 40 ನಂಬರಿನ ಸಿಂಗಲ್ ಗ್ರೇಡ್ ಆಯಿಲ್ ಹಾಕುತ್ತಿದ್ದೆವು. ಜನವರಿಯ ಬೆಳಗ್ಗೆ ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಕಾಕಂಬಿಯ ಹಾಗೆ ಎಳೆ ಎಳೆಯಾಗಿ ಇಳಿಯುತ್ತಿತ್ತು. ಅದು ಎಂಜಿನ್ನಿನ ಮೇಲ್ಭಾಗದ ಹೆಡ್ಡಿನವರೆಗೆ ಏರಲು ಹೊತ್ತು ಹಿಡಿಯುತ್ತಿತ್ತು, ಹಾಗಾಗಿ ಕಾಯುವುದರಲ್ಲಿ ಅರ್ಥವಿತ್ತು. ಈಗ ನೀವು ಹಾಕಿಸುವುದು 15ಡಬ್ಲ್ಯೂ-40 ಇರಬೇಕು. ಆ ಡಬ್ಲ್ಯೂ ಅಂದರೆ ವಿಂಟರ್. 15ಡಬ್ಲ್ಯೂ ಅಂತ ಬರೆಯಬೇಕಾದರೆ ಸೊನ್ನೆಗಿಂತ 20 ಡಿಗ್ರಿ ಕೆಳಗೂ ಎಂಜಿನ್ ತಿರುಗಬೇಕು, 25 ಡಿಗ್ರಿ ಕೆಳಗೂ ಪಂಪ್ ಆ ಆಯಿಲನ್ನು ಎಳೆಯಬೇಕು, ಪರೀಕ್ಷೆ ಇರುವುದೇ ಹಾಗೆ. ನಮ್ಮ ಪುಣೆಯಲ್ಲಿ ಡಿಸೆಂಬರ್-ಜನವರಿಯ ಬೆಳಗ್ಗೆ 10 ಡಿಗ್ರಿಯ ಆಸುಪಾಸು, ತೀರಾ ಚಳಿ ಬಿದ್ದ ದಿನ 7-8. ಈ ಆಯಿಲಿಗೆ ಅದು ದೊಡ್ಡ ಚಳಿಯಲ್ಲ. ಕೆಲವೇ ಸೆಕೆಂಡಿನಲ್ಲಿ ಪ್ರೆಶರ್ ಬಂದು ಆಯಿಲ್ ದೀಪ ಆರುತ್ತದೆ. ಮುಂಬಯಿ, ಗೋವಾದಲ್ಲಿ ಗಾಡಿ ನಿಲ್ಲಿಸುವವರಿಗಂತೂ ಈ ಚಿಂತೆಯೇ ಬೇಡ.

ಈಗ ಮುಖ್ಯ ವಿಷಯ. ಡೀಸೆಲ್ ಎಂಜಿನ್ ನಿಂತಲ್ಲೇ ಐಡಲಿನಲ್ಲಿ ಓಡಿದರೆ ಸರಿಯಾಗಿ ಕಾಯುವುದೇ ಇಲ್ಲ. ಇದನ್ನು ಹೇಳಿದರೆ ಹೆಚ್ಚಿನವರು ನಂಬುವುದಿಲ್ಲ, ಶಬ್ದ ಮಾಡುತ್ತಾ ಓಡುತ್ತಿದೆಯಲ್ಲ, ಕಾಯದೆ ಇರುತ್ತದಾ ಅನ್ನುತ್ತಾರೆ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ ಅಲ್ವಾ, ಗಾಳಿಯನ್ನು 17-18 ಪಟ್ಟು ಒತ್ತಿ, ಆ ಒತ್ತಡಕ್ಕೆ ಗಾಳಿ 500 ಡಿಗ್ರಿಗೂ ಜಾಸ್ತಿ ಬಿಸಿಯಾಗಿ, ಅದರೊಳಗೆ ಡೀಸೆಲ್ ಚಿಮ್ಮಿದಾಗ ತಾನೇ ಹೊತ್ತಿಕೊಳ್ಳಬೇಕು. ಐಡಲಿನಲ್ಲಿ ಏನಾಗುತ್ತದೆ? ಪ್ರತಿ ಸಲ ಸಿಲಿಂಡರ್ ತುಂಬ ತಣ್ಣನೆ ಗಾಳಿ ಬರುತ್ತದೆ, ಡೀಸೆಲ್ ಮಾತ್ರ ಚೂರೇ ಚೂರು ಬೀಳುತ್ತದೆ. ಹಂಡೆ ತುಂಬ ನೀರಿಟ್ಟು ಕೆಳಗೆ ಎರಡು ಕಡ್ಡಿ ಉರಿಸಿದ ಹಾಗೆ. ಹುಟ್ಟಿದ ಅಷ್ಟಿಷ್ಟು ಬಿಸಿಯನ್ನೂ ಆ ಗಾಳಿಯೇ ಸೈಲೆನ್ಸರಿನಿಂದ ಹೊರಗೆ ಹೊತ್ತುಕೊಂಡು ಹೋಗುತ್ತದೆ.

ನಾಳೆಯೇ ನೋಡಿ. ಡ್ರೈವರ್ ಅರ್ಧ ಗಂಟೆ ಐಡಲ್ ಬಿಟ್ಟ ಮೇಲೆ ಎಂಜಿನ್ ಬಂದ್ ಮಾಡಿಸಿ ರೇಡಿಯೇಟರಿನ ಮೇಲಿನ ರಬ್ಬರ್ ಪೈಪ್ ಮುಟ್ಟಿ. ಸ್ವಲ್ಪ ಬೆಚ್ಚಗಿರಬಹುದು, ಅಷ್ಟೇ. ಥರ್ಮೋಸ್ಟಾಟ್ ತೆರೆಯುವುದು 80 ಡಿಗ್ರಿಯ ಹತ್ತಿರ, ಅಲ್ಲಿಯವರೆಗೆ ಎಂಜಿನ್ನಿನ ಬಿಸಿ ನೀರು ಆ ಪೈಪಿಗೆ ಬರುವುದಿಲ್ಲ. ಮರುದಿನ ಐದೇ ನಿಮಿಷ ನಿಲ್ಲಿಸಿ ಹೊರಡಿ. ಮೋಶಿ ದಾಟಿ ಚಾಕಣ ಮುಟ್ಟಿದ ಮೇಲೆ ಬಂದ್ ಮಾಡಿ, ಅದೇ ಪೈಪಿನ ಹತ್ತಿರ ಕೈ ತನ್ನಿ. ಹಿಡಿಯಲು ಆಗುವುದಿಲ್ಲ. (ಪೈಪ್ ಅಷ್ಟೇ ನೋಡಿ, ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ, ಕುದಿಯುವ ನೀರು ಮುಖಕ್ಕೆ ಹಾರುತ್ತದೆ.)

ಕಾಯುವುದಿಲ್ಲ ಅನ್ನುವುದಷ್ಟೇ ಆಗಿದ್ದರೆ ಡೀಸೆಲ್ ದಂಡ ಅಂತ ಬಿಟ್ಟುಬಿಡಬಹುದಿತ್ತು. ಆದರೆ ತಣ್ಣಗಿರುವ ಸಿಲಿಂಡರಿನಲ್ಲಿ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಬೆಳಗ್ಗೆ ಕಣ್ಣು ಉರಿಸುವ ಬಿಳಿ ಹೊಗೆ ಬರುತ್ತದಲ್ಲ, ಅದು ಉರಿಯದೆ ಹೊರಬಂದ ಡೀಸೆಲ್. ಇನ್ನೊಂದು ಪಾಲು ಸಿಲಿಂಡರಿನ ಒಳಗೋಡೆಗೆ ಅಂಟಿ, ಅಲ್ಲಿರುವ ಆಯಿಲ್ ಪೊರೆಯನ್ನು ತೊಳೆದು, ಪಿಸ್ಟನ್ ರಿಂಗಿನ ಸಂದಿಯಿಂದ ಕೆಳಗೆ ಆಯಿಲ್ ಚೇಂಬರಿಗೆ ಇಳಿಯುತ್ತದೆ.

ಕಳೆದ ಚಳಿಗಾಲ ನಮ್ಮಲ್ಲಿಗೆ ಒಂದು ಗಾಡಿ ಬಂತು. ಮಾಲೀಕರು ಖುಷಿಯಿಂದಲೇ ಹೇಳಿದರು, 'ಇದು ಆಯಿಲ್ ತಿನ್ನೋದೇ ಇಲ್ಲ, ಲೆವೆಲ್ ಯಾವಾಗಲೂ ಮೇಲೇ ಇರುತ್ತೆ.' ಡಿಪ್‌ಸ್ಟಿಕ್ ಎಳೆದೆ. ಆಯಿಲ್ ಮೇಲಿನ ಗೆರೆಗಿಂತ ಒಂದು ಬೆರಳು ಮೇಲಿತ್ತು. ಯಾರೂ ಮೇಲಿಂದ ಹಾಕಿರಲಿಲ್ಲ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿ ನೋಡಿದರೆ ಜಿಡ್ಡೇ ಇಲ್ಲ, ನೀರು ನೀರು. ಮೂಗಿನ ಹತ್ತಿರ ತಂದರೆ ಡೀಸೆಲ್ ವಾಸನೆ. ಒಂದು ಹನಿಯನ್ನು ಪೇಪರಿನ ಅಂಚಿಗೆ ಬಿಟ್ಟೆ. ನಡುವೆ ಕಪ್ಪು ಚುಕ್ಕೆ ನಿಂತಿತು, ಅದರ ಸುತ್ತ ತೆಳು ಹಳದಿ ಉಂಗುರವೊಂದು ನಿಧಾನವಾಗಿ ಹರಡುತ್ತಾ ಹೋಯಿತು. ಆ ಉಂಗುರವೇ ಡೀಸೆಲ್. ಡೀಸೆಲ್ ಚಿಮ್ಮುವ ನಾಜಲ್‌ಗಳು ಸೋರಿದರೂ ಹೀಗಾಗುತ್ತದೆ, ಅವನ್ನೂ ಬಿಚ್ಚಿ ನೋಡಿದೆ, ಸರಿ ಇದ್ದವು. ವಿಚಾರಿಸಿದರೆ ಗಾಡಿ ಬೆಳಗ್ಗೆ ಅರ್ಧ ಗಂಟೆ, ಆಮೇಲೆ ಲೋಡಿಂಗ್ ಸಾಲಿನಲ್ಲಿ ಗಂಟೆಗಟ್ಟಲೆ, ದಿನಾ ಐಡಲಿನಲ್ಲಿ ನಿಲ್ಲುತ್ತಿತ್ತು. ಅಂಥ ತೆಳು ಆಯಿಲಿನಲ್ಲಿ ಬೇರಿಂಗ್ ಎಷ್ಟು ದಿನ ಬಾಳುತ್ತದೆ ಹೇಳಿ? ನಿಮ್ಮ ಎರಡೂ ಗಾಡಿಗೆ ಈ ಪೇಪರ್ ಪರೀಕ್ಷೆ ಮಾಡಿ ನೋಡಿ, ಖರ್ಚಿಲ್ಲ.

ನಿಮ್ಮ 2012ರ ಗಾಡಿ ಇದನ್ನು ಒಂದಿಷ್ಟು ಕಾಲ ತಡೆದುಕೊಳ್ಳುತ್ತದೆ. ಬಿಎಸ್6 ತಡೆದುಕೊಳ್ಳುವುದಿಲ್ಲ. 2020ರ ಏಪ್ರಿಲ್ 1ರಿಂದ ಬಂದ ಈ ಗಾಡಿಗಳಲ್ಲಿ ಹೊಗೆ ಹೊರಗೆ ಹೋಗುವ ದಾರಿಯಲ್ಲೇ ಒಂದು ಕಾರ್ಖಾನೆ ಕೂತಿದೆ. ಮಸಿ ಹಿಡಿಯುವ ಫಿಲ್ಟರ್ ಇದೆ, ಹೊಗೆಯ ವಿಷ ಕಡಿಮೆ ಮಾಡಲು ಯೂರಿಯಾ ದ್ರಾವಣ ಚಿಮ್ಮಿಸುವ ನಾಜಲ್ ಇದೆ. ಇವು ಕೆಲಸ ಮಾಡಲು ಹೊಗೆ ಬಿಸಿ ಇರಬೇಕು. ಯೂರಿಯಾದ ಕೆಲಸ ಶುರುವಾಗಲು ಸುಮಾರು 200 ಡಿಗ್ರಿ ಬೇಕು. ತಣ್ಣನೆ ಐಡಲಿನಲ್ಲಿ ಅಷ್ಟು ಬಿಸಿ ಬರುವುದಿಲ್ಲ. ಮಸಿ ಸುಟ್ಟುಹೋಗುವ ಬದಲು ಫಿಲ್ಟರಿನಲ್ಲೇ ತುಂಬುತ್ತದೆ, ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವಿಗೆ ಕಪ್ಪು ಅಂಟು ಮೆತ್ತುತ್ತದೆ. ಕೊನೆಗೆ ಮೀಟರಿನಲ್ಲಿ ದೀಪ ಹತ್ತಿ ಪವರ್ ಇಳಿಯುತ್ತದೆ, ಆಗ ಎಲ್ಲರೂ ಹೊಸ ಗಾಡಿಯನ್ನು ಬೈಯುತ್ತಾರೆ. ದೀಪ ಹತ್ತಿದಾಗ ಅದಕ್ಕೆ ಬೇಕಾದದ್ದು ಹೈವೇಯಲ್ಲಿ ಒಂದೇ ಸಮ ಒಂದಷ್ಟು ಹೊತ್ತಿನ ಓಟ.

ದುಡ್ಡಿನ ಲೆಕ್ಕವನ್ನೂ ಹೇಳುತ್ತೇನೆ. ಎಂಜಿನ್ ಗಾತ್ರ ನೋಡಿಕೊಂಡು ಲಾರಿ ಐಡಲಿನಲ್ಲಿ ಗಂಟೆಗೆ ಒಂದೂವರೆಯಿಂದ ಮೂರು ಲೀಟರ್ ಕುಡಿಯುತ್ತದೆ. ಎರಡೇ ಲೀಟರ್ ಹಿಡಿಯಿರಿ. ಅರ್ಧ ಗಂಟೆಗೆ ಒಂದು ಲೀಟರ್, ವರ್ಷದಲ್ಲಿ 300 ದಿನ ಹೀಗೆ ನಡೆದರೆ 300 ಲೀಟರ್. ಲೀಟರಿಗೆ 90 ರೂಪಾಯಿ ಅಂದರೂ ಒಂದು ಗಾಡಿಗೆ 27,000 ರೂಪಾಯಿ.

ಆದರೆ ಈ ಲೆಕ್ಕ ಹಿಡಿದುಕೊಂಡು ಡ್ರೈವರ್ ಜೊತೆ ಜಗಳಕ್ಕೆ ಹೋಗಬೇಡಿ. ಮೊದಲು ಅವರನ್ನು ಕೂರಿಸಿಕೊಂಡು ಯಾಕೆ ಅಂತ ಕೇಳಿ. ಇಷ್ಟು ವರ್ಷದಲ್ಲಿ ನಾನು ನೋಡಿದ್ದು ಏನೆಂದರೆ, ಅರ್ಧ ಗಂಟೆ ಮೊದಲೇ ಸ್ಟಾರ್ಟ್ ಮಾಡುವ ಡ್ರೈವರಿಗೆ ಸಾಮಾನ್ಯವಾಗಿ ಒಂದು ಭಯ ಇರುತ್ತದೆ. ಯಾವತ್ತೋ ಒಂದು ಬೆಳಗ್ಗೆ ಸೆಲ್ಫ್ ಎಳೆದಿರುವುದಿಲ್ಲ, ಕಂಪನಿ ಗೇಟಿಗೆ ಗಾಡಿ ತಡವಾಗಿರುತ್ತದೆ, ಮಾತು ಕೇಳಿರುತ್ತಾರೆ. ಚಳಿಯಲ್ಲಿ ಬ್ಯಾಟರಿ ಸೊರಗುತ್ತದೆ, ಸೊನ್ನೆ ಡಿಗ್ರಿಯಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಶಕ್ತಿ ಹೋಗುತ್ತದೆ. ಅದೇ ಹೊತ್ತಿಗೆ ಎಂಜಿನ್ ತಿರುಗಿಸಲು ಜಾಸ್ತಿ ಶಕ್ತಿ ಬೇಕಾಗುತ್ತದೆ. ಹಾಗಾಗಿ ಗಾಡಿಯ ಎರಡೂ ಬ್ಯಾಟರಿಯನ್ನು ಬೇರೆ ಬೇರೆಯಾಗಿ ಚೆಕ್ ಮಾಡಿಸಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಒಂದೊಂದೂ 12.6 ವೋಲ್ಟ್ ಹತ್ತಿರ ತೋರಿಸಬೇಕು, 12.2 ಇದ್ದರೆ ಅರ್ಧ ಖಾಲಿ ಅಂತ ಲೆಕ್ಕ. ಬದಲಿಸುವುದಾದರೆ ಜೋಡಿಯಾಗಿಯೇ ಬದಲಿಸಿ, ಒಂದು ಹೊಸದು ಒಂದು ಹಳೆಯದು ಹಾಕಿದರೆ ಹಳೆಯದು ಹೊಸದನ್ನೂ ತಿನ್ನುತ್ತದೆ. ಟರ್ಮಿನಲ್ ಮೇಲಿನ ಬಿಳಿ ಪುಡಿಯನ್ನು ಬಿಸಿನೀರಿನಲ್ಲಿ ತೊಳೆಯಿರಿ, ಅರ್ಥ್ ಕೇಬಲ್ ಬಿಗಿ ಇದೆಯಾ ನೋಡಿ.

ಇನ್ನೊಂದು ಕಾರಣ ಬ್ರೇಕಿನ ಗಾಳಿ. ರಾತ್ರಿ ಟ್ಯಾಂಕಿನಲ್ಲಿದ್ದ ಗಾಳಿ ಬೆಳಗ್ಗೆ ಹೊತ್ತಿಗೆ ಸೊನ್ನೆಗೆ ಇಳಿದು, ಮತ್ತೆ ತುಂಬಲು ಹದಿನೈದು-ಇಪ್ಪತ್ತು ನಿಮಿಷ ಹಿಡಿಯುತ್ತಿದ್ದರೆ ಡ್ರೈವರ್ ಕಾಯದೆ ಏನು ಮಾಡುತ್ತಾರೆ? ಪ್ರೆಶರ್ ಬರದೆ ಗಾಡಿ ಕದಲಿಸಬಾರದು, ಅದು ಪ್ರಾಣದ ಪ್ರಶ್ನೆ. ಸೋಪಿನ ನೀರು ಹಾಕಿ ಜಾಯಿಂಟುಗಳಲ್ಲಿ ಗುಳ್ಳೆ ಎಲ್ಲಿ ಏಳುತ್ತದೆ ನೋಡಿ, ಲೀಕ್ ಸಿಗುತ್ತದೆ. ಅಲ್ಲಿಗೂ ಸಿಗದಿದ್ದರೆ ಕಂಪ್ರೆಸರ್ ನೋಡಿಸಿ. ಈ ಎರಡು ಕೆಲಸ ಮಾಡಿಕೊಟ್ಟರೆ ಅರ್ಧ ಗಂಟೆ ತಾನಾಗಿಯೇ ಐದು ನಿಮಿಷಕ್ಕೆ ಇಳಿಯುತ್ತದೆ.

ಬೆಳಗ್ಗೆ ಹೀಗೆ ಮಾಡಲಿ. ನ್ಯೂಟ್ರಲ್, ಹ್ಯಾಂಡ್ ಬ್ರೇಕ್. ಚಾವಿ ಆನ್ ಮಾಡಿ, ಹೀಟರ್ ದೀಪ ಇದ್ದರೆ ಅದು ಆರುವವರೆಗೆ ಕಾಯಲಿ. ಕ್ಲಚ್ ಒತ್ತಿ ಹಿಡಿದು ಸೆಲ್ಫ್ ಹೊಡೆಯಲಿ, ಗೇರ್ ಬಾಕ್ಸಿನ ಗಟ್ಟಿ ಆಯಿಲಿನ ಭಾರ ಅಷ್ಟು ಕಡಿಮೆ. ಆಕ್ಸಿಲರೇಟರ್ ಮುಟ್ಟುವುದು ಬೇಡ. ಹತ್ತು ಸೆಕೆಂಡಿನಲ್ಲಿ ಹಿಡಿಯದಿದ್ದರೆ ಬಿಟ್ಟು, ಒಂದು ನಿಮಿಷ ಬ್ಯಾಟರಿಗೂ ಸೆಲ್ಫಿಗೂ ಉಸಿರು ಕೊಟ್ಟು ಮತ್ತೆ ಹೊಡೆಯಲಿ. ಸ್ಟಾರ್ಟ್ ಆದ ಕೂಡಲೇ ರೇಸ್ ಕೊಡುವ ಚಟ ಇದ್ದರೆ ದಯವಿಟ್ಟು ಬಿಡಿಸಿ, ಟರ್ಬೋ ಶಾಫ್ಟ್ ತಿರುಗುವುದು ಆಯಿಲಿನ ಪೊರೆಯ ಮೇಲೆ, ಅಲ್ಲಿಗೆ ಆಯಿಲ್ ಮುಟ್ಟುವ ಮೊದಲೇ ಜೋರಾಗಿ ತಿರುಗಿಸಿದರೆ ಲೋಹಕ್ಕೆ ಲೋಹ ಉಜ್ಜುತ್ತದೆ. ಈಗ ಇಳಿದು ಗಾಡಿ ಸುತ್ತ ಒಂದು ಸುತ್ತು ಬರಲಿ, ಟಯರ್, ಲೈಟ್, ಕೆಳಗೆ ಏನಾದರೂ ತೊಟ್ಟಿಕ್ಕಿದೆಯಾ ಅಂತ. ಅಷ್ಟರಲ್ಲಿ ಗಾಳಿ ತುಂಬಿರುತ್ತದೆ. ಹೊರಟ ಮೇಲೆ ಮೊದಲ ಐದಾರು ಕಿಲೋಮೀಟರ್ ಆರ್‌ಪಿಎಂ ಮುಳ್ಳು ಮೀಟರಿನ ಹಸಿರು ಪಟ್ಟಿಯ ಒಳಗೇ ಇರಲಿ, ಜೋರು ಎಳೆತ ಬೇಡ. ಹಾಗಂತ ಮೇಲಿನ ಗೇರಿನಲ್ಲಿ ಎಂಜಿನ್ ನರಳುವ ಹಾಗೂ ಓಡಿಸಬಾರದು.

ಒಂದು ಕಡೆ ಮಾತ್ರ ಹುಷಾರು. ಸಾತಾರಾ ಕಡೆ ಹೋಗುವಾಗ ಖಂಬಾಟಕಿ ಘಾಟಿನ ಬುಡದ ಢಾಬಾದಲ್ಲಿ ಮಲಗಿ, ಬೆಳಗ್ಗೆ ಎದ್ದವರೇ ಫುಲ್ ಲೋಡಿನಲ್ಲಿ ಘಾಟ್ ಹತ್ತಿಸುವವರಿದ್ದಾರೆ. ಅಲ್ಲಿ ಎಂಜಿನ್ ಕಾಯಲು ಸಮತಟ್ಟು ರಸ್ತೆಯೇ ಸಿಗುವುದಿಲ್ಲ. ಹತ್ತು ಕಿಲೋಮೀಟರ್ ಹಿಂದೆಯೇ ಮಲಗಿದರೆ ಘಾಟ್ ಮುಟ್ಟುವಷ್ಟರಲ್ಲಿ ಎಂಜಿನ್ ತಯಾರಿರುತ್ತದೆ.

ಇನ್ನು ಶ್ರೀನಗರ. ಜನವರಿ ಅಂದರೆ ನೀವು ಹೋಗುವುದು ಚಿಲ್ಲೈ ಕಲಾನಿನಲ್ಲಿ, ಡಿಸೆಂಬರ್ 21ರಿಂದ 40 ದಿನದ ಕಡು ಚಳಿ. ರಾತ್ರಿ ಸೊನ್ನೆಗಿಂತ ಐದಾರು ಡಿಗ್ರಿ ಕೆಳಗೆ ಇಳಿಯುವುದು ಅಲ್ಲಿ ಮಾಮೂಲು. ಹಿಮ ಬಿದ್ದು, ಗುಡ್ಡ ಕುಸಿದು ಹೈವೇ ಬಂದ್ ಆದರೆ ಲಾರಿಗಳು ಸಾಲಾಗಿ ಒಂದೆರಡು ರಾತ್ರಿ ನಿಂತುಬಿಡುತ್ತವೆ. ತಯಾರಿ ಆ ರಾತ್ರಿಗಳಿಗೆ ಬೇಕು.

ದೊಡ್ಡ ತೊಂದರೆ ಡೀಸೆಲ್ಲಿನದ್ದೇ. ಪುಣೆಯಲ್ಲಿ ಚಳಿಗಾಲದ ಬೆಳಗ್ಗೆ ಕೊಬ್ಬರಿ ಎಣ್ಣೆಯ ಬಾಟಲಿ ಬೆಳ್ಳಗೆ ಹೆಪ್ಪುಗಟ್ಟಿರುತ್ತದಲ್ಲ, ಡೀಸೆಲ್ಲಿನಲ್ಲೂ ಮೇಣ ಇದೆ, ಚಳಿ ಜಾಸ್ತಿ ಆದರೆ ಅದೂ ಹಾಗೇ ಕಟ್ಟುತ್ತದೆ. ಟ್ಯಾಂಕಿನಲ್ಲಿ ಡೀಸೆಲ್ ಹರಿಯುತ್ತಿದ್ದರೂ ಮೇಣದ ಹರಳು ಫಿಲ್ಟರನ್ನು ಮುಚ್ಚುತ್ತದೆ. ನಮ್ಮ ದೇಶದ ಡೀಸೆಲ್ ಮಾನದಂಡ ಐಎಸ್ 1460ರಲ್ಲಿ, ನವೆಂಬರಿನಿಂದ ಫೆಬ್ರವರಿವರೆಗೆ 6 ಡಿಗ್ರಿಯವರೆಗೆ ಫಿಲ್ಟರ್ ಕಟ್ಟಬಾರದು ಅಂತಿದೆ, ಉಳಿದ ತಿಂಗಳಿಗೆ 18 ಡಿಗ್ರಿ. ಸೊನ್ನೆಯ ಕೆಳಗಿನ ಭರವಸೆ ಅದರಲ್ಲಿ ಇಲ್ಲ. ಲಡಾಖಿಗೆ ಅಂತಲೇ ಇಂಡಿಯನ್ ಆಯಿಲ್ 2019ರಲ್ಲಿ ಪಾಣಿಪತ್ ರಿಫೈನರಿಯಿಂದ ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ಚಳಿಗಾಲದ ಡೀಸೆಲ್ ತಂದದ್ದು ಇದೇ ಕಾರಣಕ್ಕೆ. ಹಾಗಾಗಿ ಇಲ್ಲಿಂದ ತುಂಬಿಸಿದ ಡೀಸೆಲ್ ದಾರಿಯಲ್ಲೇ ಮುಗಿಯಲಿ, ಜಮ್ಮು ಮುಟ್ಟುವಾಗ ಟ್ಯಾಂಕ್ ಖಾಲಿಯ ಹತ್ತಿರ ಇರಲಿ. ಅಲ್ಲಿಯ ಡ್ರೈವರುಗಳು ಎಲ್ಲಿ ಹಾಕಿಸುತ್ತಾರೆ ಅಂತ ಕೇಳಿ ಅಲ್ಲೇ ತುಂಬಿಸಿ. ಡೀಸೆಲ್ ಗಟ್ಟಿಯಾಗದಂತೆ ಹಾಕುವ ಆ್ಯಡಿಟಿವ್ ಸಿಗುತ್ತದೆ, ನಿಮ್ಮ ಗಾಡಿಯ ಕಂಪನಿ ಒಪ್ಪಿದ್ದನ್ನು ಬೆಚ್ಚಗಿನ ಊರಿನಲ್ಲೇ ಹಾಕಿಕೊಳ್ಳಬೇಕು. ಮೇಣ ಕಟ್ಟಿದ ಮೇಲೆ ಹಾಕಿದರೆ ಪ್ರಯೋಜನ ಇಲ್ಲ. ಹೊಸ ಡೀಸೆಲ್ ಫಿಲ್ಟರ್ ಹಾಕಿಸಿ, ಒಂದು ಸ್ಪೇರ್ ಜೊತೆಯಲ್ಲಿರಲಿ, ಫಿಲ್ಟರ್ ತಳದ ನೀರು ದಿನಾ ಬಿಡಲಿ.

ಗಾಡಿ ಸ್ಟಾರ್ಟ್ ಆಗಿ, ಎರಡು-ಮೂರು ನಿಮಿಷ ಓಡಿ, ಪವರ್ ಇಳಿದು ಆಫ್ ಆದರೆ ಅದು ಮೇಣ ಅಂತ ತಿಳಿಯಿರಿ. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಸಾಯಿಸಬೇಡಿ. ಫಿಲ್ಟರಿಗೆ ಬಟ್ಟೆ ಸುತ್ತಿ ಬಿಸಿನೀರು ಹಾಕಿ, ಬಿಸಿಲು ಬರುವವರೆಗೆ ಕಾಯಿರಿ. ಟ್ಯಾಂಕಿನ ಕೆಳಗೆ ಬೆಂಕಿ ಹಾಕುವವರನ್ನು ನೀವೂ ಕೇಳಿರುತ್ತೀರಿ. ಯಾರು ಏನೇ ಹೇಳಲಿ, ಅದನ್ನು ಮಾಡಬೇಡಿ. ಸೀಮೆಎಣ್ಣೆ ಬೆರೆಸುವುದೂ ಬೇಡ. ಬಿಎಸ್6 ಗಾಡಿಯಲ್ಲಿ ಡೀಸೆಲ್ಲಿನ ಒತ್ತಡ 1600 ಬಾರ್‌ಗಿಂತ (ಬಾರ್ ಅಂದರೆ ಒತ್ತಡದ ಅಳತೆ) ಮೇಲೆ ಹೋಗುತ್ತದೆ, ಅಂದರೆ ನಿಮ್ಮ ಟಯರಿನ ಗಾಳಿಯ ಇನ್ನೂರು ಪಟ್ಟು. ಆ ಪಂಪಿಗೆ ಜಿಡ್ಡು ಕೊಡುವುದು ಡೀಸೆಲ್ಲೇ. ಸೀಮೆಎಣ್ಣೆಗೆ ಆ ಜಿಡ್ಡಿಲ್ಲ, ಅದರ ಗಂಧಕ ಸೈಲೆನ್ಸರಿನ ವ್ಯವಸ್ಥೆಯನ್ನೂ ಹಾಳು ಮಾಡುತ್ತದೆ.

ಯೂರಿಯಾ ಹೆಪ್ಪುಗಟ್ಟುವುದು ಸೊನ್ನೆಗಿಂತ 11 ಡಿಗ್ರಿ ಕೆಳಗೆ. ಗಟ್ಟಿಯಾದರೂ ಎಂಜಿನ್ ಕಾದಂತೆ ಅದು ಕರಗುವ ವ್ಯವಸ್ಥೆ ಇದೆ, ಗಾಬರಿ ಬೇಡ, ನೀರು ಬೆರೆಸಬೇಡಿ. ಟ್ಯಾಂಕ್ ಬಾಯಿಮಟ್ಟ ತುಂಬಿಸಬಾರದು, ಹಿಗ್ಗಲು ಜಾಗ ಬೇಕು. ಚಾವಿ ಆಫ್ ಮಾಡಿದ ಕೂಡಲೇ ಬ್ಯಾಟರಿ ಕಟ್-ಆಫ್ ಎಳೆಯುವ ಅಭ್ಯಾಸ ಇದ್ದರೆ ಎರಡು ನಿಮಿಷ ತಡೆಯಲಿ. ಪೈಪಿನಲ್ಲಿ ಉಳಿದ ಯೂರಿಯಾವನ್ನು ಪಂಪ್ ಆ ಹೊತ್ತಿನಲ್ಲಿ ವಾಪಸ್ ಎಳೆದುಕೊಳ್ಳುತ್ತದೆ. ಇದನ್ನು ಪುಣೆಯಲ್ಲೂ ಪಾಲಿಸಿ.

ಅಲ್ಲಿ ಬೆಳಗ್ಗೆ ಐದು ನಿಮಿಷದ ಬದಲು ಹತ್ತು ನಿಮಿಷ ಎಂಜಿನ್ ಕಾಯಿಸಬಹುದು, ಆದರೆ ಬರೀ ಐಡಲ್ ಬೇಡ, 1000-1200 ಆರ್‌ಪಿಎಂ ಇಟ್ಟುಕೊಳ್ಳಲಿ. ಏರ್ ಟ್ಯಾಂಕಿನ ನೀರನ್ನು ಸಂಜೆಯೇ ಬಿಡಬೇಕು, ರಾತ್ರಿ ಅದು ವಾಲ್ವಿನಲ್ಲಿ ಮಂಜುಗಡ್ಡೆ ಆದರೆ ಬ್ರೇಕ್ ಕೈಕೊಡುತ್ತದೆ. ಇನ್ನು, ರಾತ್ರಿ ಕಿಟಕಿ ಮುಚ್ಚಿದ ಕ್ಯಾಬಿನ್ನಿನಲ್ಲಿ ಇದ್ದಿಲ ಒಲೆ ಇಟ್ಟುಕೊಂಡು ಮಲಗುವುದು, ಎಂಜಿನ್ ಓಡುತ್ತಿರುವಾಗ ಮಲಗುವುದು, ಎರಡೂ ಬೇಡ ಅಂತ ಡ್ರೈವರಿಗೂ ಕ್ಲೀನರಿಗೂ ಖಡಾಖಂಡಿತವಾಗಿ ಹೇಳಿ. ಆ ವಿಷಗಾಳಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ದಪ್ಪ ರಗ್ಗು, ಉಣ್ಣೆ ಟೋಪಿ, ಕಾಲುಚೀಲ ನೀವೇ ಕೊಡಿಸಿ, ಇಲ್ಲಿಯ ಹುಡುಗರಿಗೆ ಆ ಚಳಿಯ ಅಂದಾಜು ಇರುವುದಿಲ್ಲ.

ಕೊನೆಯದು ಕೂಲಂಟ್. ಇಲ್ಲಿ ರೇಡಿಯೇಟರಿಗೆ ಬೋರಿನ ನೀರು ಹಾಕಿ ದಿನ ತಳ್ಳುವವರು ಜಾಸ್ತಿ. ನೀರು ಮಂಜುಗಡ್ಡೆ ಆಗುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ, ಎಂಜಿನ್ ಬ್ಲಾಕ್ ಒಡೆಯಲು ಅಷ್ಟು ಸಾಕು. ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ನೀರು ಬೆರೆಸಿದ್ದು ಸೊನ್ನೆಗಿಂತ 35 ಡಿಗ್ರಿ ಕೆಳಗೂ ಹೆಪ್ಪುಗಟ್ಟುವುದಿಲ್ಲ. ಹಳೆಯದನ್ನು ಪೂರ್ತಿ ಇಳಿಸಿ, ತೊಳೆದು, ಹೊಸದು ತುಂಬಿಸಿ. ಈ ಕೆಲಸವನ್ನು ಹೊರಡುವ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ. ತುಂಬಿಸಿದ ಮೇಲೆ ಎರಡು ದಿನ ಚಾಕಣ-ತಳೇಗಾವ್ ನಡುವೆ ಲೋಕಲ್ ಓಡಿಸಿ, ಒಳಗಿನ ಗಾಳಿ ಹೊರಬಂದು ಲೆವೆಲ್ ಇಳಿಯುತ್ತದೆ, ಎಂಜಿನ್ ತಣ್ಣಗಾದ ಮೇಲೆ ಮತ್ತೆ ಗೆರೆವರೆಗೆ ತುಂಬಿಸಿ. ಮೂರನೇ ದಿನವೂ ಇಳಿದರೆ ಎಲ್ಲೋ ಸೋರುತ್ತಿದೆ, ಲೋಡ್ ಹಾಕುವ ಮೊದಲೇ ಗ್ಯಾರೇಜಿಗೆ ತನ್ನಿ.